ಜೇನಿನ ರಿಫ್ರಾಕ್ಟೋಮೀಟರ್: ಆರು ಹಂಗಾಮು ಬಳಸಿದ ಮೇಲೆ

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಅಡಿಕೆ ತೋಟ, ಮೇಲಿನ ಗುಡ್ಡದಲ್ಲಿ ಒಂದಷ್ಟು ರಬ್ಬರ್. ತುಡುವೆ ಜೇನಿನ ಇಪ್ಪತ್ತೆರಡು ಪೆಟ್ಟಿಗೆ ಉಂಟು, ಕುಟುಕದ ಪುಟ್ಟ ಜೇನು ಮುಜಂಟಿಯದ್ದು ನಾಲ್ಕು ಗೂಡು. 2019ರ ನವೆಂಬರಿನಲ್ಲಿ 1,850 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಜೇನಿನಲ್ಲಿ ನೀರು ಎಷ್ಟಿದೆ ಎಂದು ನೋಡುವ ಈ ಕೈ ರಿಫ್ರಾಕ್ಟೋಮೀಟರ್ ತರಿಸಿದೆ. ಕಂಪೆನಿಯ ಹೆಸರು ಹೇಳಿ ಪ್ರಯೋಜನವಿಲ್ಲ, ಇದೇ ಅಚ್ಚಿನದ್ದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಗೇಣುದ್ದದ ಲೋಹದ ಕೊಳವೆ, ಒಂದು ತುದಿಯಲ್ಲಿ ಕಣ್ಣಿಡುವ ಜಾಗ, ಇನ್ನೊಂದು ತುದಿಯಲ್ಲಿ ಓರೆಯಾಗಿ ಕೂರಿಸಿದ ನೀಲಿ ಛಾಯೆಯ ಪ್ರಿಸಂ, ಅದರ ಮೇಲೆ ಮಡಚುವ ಪ್ಲಾಸ್ಟಿಕ್ ಮುಚ್ಚಳ. ಇಷ್ಟೇ. ಬ್ಯಾಟರಿ ಇಲ್ಲ, ಕರೆಂಟು ಬೇಡ.

ಕೊಳ್ಳಲು ಕಾರಣ ಅದೇ ವರ್ಷದ ನಷ್ಟ. ರಬ್ಬರ್ ಚಿಗುರುವ ಹೊತ್ತಿಗೆ ಪೆಟ್ಟಿಗೆ ತುಂಬಿ ತುಳುಕುತ್ತದೆ, ಆದರೆ ಆ ಜೇನು ಬಲು ತೆಳು. ಆಸೆಗೆ ಬಿದ್ದು ಬೇಗ ತೆಗೆದೆ. ಮಳೆಗಾಲ ಶುರುವಾಗುವಾಗ ಅಂಗಡಿಯಿಂದ ಹನ್ನೊಂದು ಕುಪ್ಪಿ ವಾಪಸು ಬಂತು. ಮುಚ್ಚಳ ತಿರುಗಿಸಿದರೆ ಸೋಡಾ ಕುಪ್ಪಿಯ ಹಾಗೆ ಬುಸ್ಸೆಂದು ನೊರೆ, ಬಾಯಿಗೆ ಹಾಕಿದರೆ ಹುಳಿ. ಜೇನಿನಲ್ಲಿ ನೀರು ಹೆಚ್ಚಿದ್ದರೆ ಅದರೊಳಗಿನ ಯೀಸ್ಟಿಗೆ ಜೀವ ಬರುತ್ತದೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೀರಿಗೆ ಇಟ್ಟಿರುವ ಮಿತಿ ಶೇಕಡಾ 20. ಅಲ್ಲಿಯವರೆಗೆ ನಮ್ಮ ಅಳತೆ ಎಂದರೆ ಚಮಚದಿಂದ ಬೀಳುವ ನೂಲು ತುಂಡಾಗುತ್ತದೋ ಇಲ್ಲವೋ ಎಂದು ನೋಡುವುದು. ಆ ನೂಲಿಗೆ 19 ಯಾವುದು, 22 ಯಾವುದು ಎಂದು ಗೊತ್ತಿಲ್ಲ.

ಬಂದ ದಿನವೇ ಎಡವಟ್ಟು. ಜೊತೆಯಲ್ಲಿದ್ದ ಚೀಟಿ ಎಲ್ಲ ಬಗೆಯ ಮೀಟರಿಗೂ ಒಂದೇ ಎಂದು ಕಾಣುತ್ತದೆ, ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆಗೆ ತನ್ನಿ ಎಂದಿತ್ತು. ನೀರು ಹಾಕಿ ನೋಡಿದರೆ ಒಳಗೆ ಪೂರಾ ನೀಲಿ, ಗೆರೆಯೇ ಇಲ್ಲ. ಹಾಳಾದದ್ದನ್ನು ಕಳಿಸಿದ್ದಾರೆಂದು ಮತ್ತೆ ಪ್ಯಾಕ್ ಮಾಡಿಟ್ಟೆ. ಆಮೇಲೆ ತಲೆಗೆ ಹೊಳೆದದ್ದು: ಜೇನಿನ ಮೀಟರಿನ ಸ್ಕೇಲು ಬ್ರಿಕ್ಸ್ 58ರಿಂದ 90. ಬ್ರಿಕ್ಸ್ ಅಂದರೆ 100 ಗ್ರಾಂ ದ್ರಾವಣದಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂಬ ಲೆಕ್ಕ. ನೀರು ಅದರಲ್ಲಿ ಸೊನ್ನೆ, ಅಂದರೆ ಈ ಸ್ಕೇಲಿನ ಎಷ್ಟೋ ಕೆಳಗೆ. ಕಾಣುವುದಾದರೂ ಹೇಗೆ?

ಇದನ್ನು ಹೊಂದಿಸಲು ಬೇರೆ ಕ್ರಮ. ಪೆಟ್ಟಿಗೆಯಲ್ಲಿ ಉಗುರಿನಷ್ಟು ಅಗಲದ ಗಾಜಿನ ಬಿಲ್ಲೆ, ಒಂದು ಪುಟ್ಟ ಸೀಸೆಯಲ್ಲಿ ಎಣ್ಣೆ ಇರುತ್ತದೆ. ಬಿಲ್ಲೆಯನ್ನು ಪ್ರಿಸಮ್ಮಿನ ಮೇಲಿಟ್ಟೆ, ಆಗಲೂ ನೀಲಿ. ಮನೆಗೆ ಬಂದಿದ್ದ ಭಾವನ ಮಗಳು ಬಿ.ಎಸ್‌ಸಿ. ಓದುತ್ತಿದ್ದಳು.

"ಮಾವ, ಹಾಗೆ ಒಣಗಿದ್ದನ್ನು ಇಟ್ಟರೆ ಆಗುವುದಿಲ್ಲ. ಗಾಜಿಗೂ ಗಾಜಿಗೂ ನಡುವೆ ಗಾಳಿ ಕೂತಿದೆ. ಎಣ್ಣೆ ಒಂದು ಹನಿ ಬಿಡಿ."

ಬಿಟ್ಟು ಒತ್ತಿದೆ. ಮೇಲರ್ಧ ನೀಲಿ, ಕೆಳಗೆ ಬಿಳಿ, ನಡುವೆ ಕತ್ತಿಯಲ್ಲಿ ಕೊಯ್ದ ಹಾಗೆ ಗೆರೆ. ಬಿಲ್ಲೆಗೆ ಹೇಳಿದ್ದ ಅಂಕೆ 78.8. ಗೆರೆ 78ರ ಹತ್ತಿರ ನಿಂತಿತ್ತು, ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿಸಿ ಸರಿ ಮಾಡಿದೆ.

ಈ ಗೆರೆ ಎಲ್ಲಿಂದ ಬರುತ್ತದೆಂದು ಅವಳೇ ಬಿಡಿಸಿ ಹೇಳಿದಳು. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂಬುದರ ಅಂಕೆಯೇ ವಕ್ರೀಭವನ ಸೂಚ್ಯಂಕ. ನೀರಿಗೆ 1.333, ಜೇನಿಗೆ 1.49ರ ಆಸುಪಾಸು, ಪ್ರಿಸಮ್ಮಿನ ಗಾಜಿಗೆ ಅದಕ್ಕಿಂತ ಹೆಚ್ಚು. ಜೇನಿನಿಂದ ಪ್ರಿಸಮ್ಮಿಗೆ ಇಳಿದ ಬೆಳಕು ಒಂದು ಕೋನವನ್ನು ದಾಟಿ ಬಾಗಲಾರದು. ಆ ಕೋನದ ಆಚೆಗೆ ಬೆಳಕಿಲ್ಲ, ಈಚೆಗೆ ಉಂಟು. ನಾವು ನೋಡುವ ಗೆರೆ ಆ ಗಡಿ. ನೀರು ಹೆಚ್ಚಾದರೆ ಸೂಚ್ಯಂಕ ಇಳಿಯುತ್ತದೆ, ಗಡಿಯೂ ಜರುಗುತ್ತದೆ. ಮೀಟರು ನೀರನ್ನು ಅಳೆಯುವುದೇ ಇಲ್ಲ, ಬಾಗುವಿಕೆಯನ್ನು ಅಳೆಯುತ್ತದೆ. ನೀರಿನ ಶೇಕಡಾ ಲೆಕ್ಕ ಸ್ಕೇಲು ಅಚ್ಚು ಹಾಕಿದವರು ಮಾಡಿಕೊಟ್ಟದ್ದು. ಇದನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ. ಉದಾಹರಣೆಗೆ ಒಂದೇ ಜೇನಿಗೆ ಒಂದು ಸ್ಕೇಲು ಬ್ರಿಕ್ಸ್ 80 ಅಂತಲೂ ಇನ್ನೊಂದು ನೀರು 18ರ ಹತ್ತಿರ ಅಂತಲೂ ತೋರಿಸುತ್ತದೆ, ಕೂಡಿಸಿದರೆ ನೂರಾಗುವುದಿಲ್ಲ. ಮೀಟರು ಸುಳ್ಳು ಹೇಳುತ್ತಿಲ್ಲ. ಬ್ರಿಕ್ಸ್ ಸ್ಕೇಲು ಕಬ್ಬಿನ ಸಕ್ಕರೆಯದ್ದು, ಜೇನಿನಲ್ಲಿರುವುದು ಹೆಚ್ಚಾಗಿ ಗ್ಲೂಕೋಸು, ಫ್ರಕ್ಟೋಸು. ಜೇನಿಗೆ ನೀರಿನ ಸ್ಕೇಲನ್ನೇ ಓದಬೇಕು.

ಎರಡನೇ ವರ್ಷ ಅವಳ ಕಾಲೇಜಿನ ಲ್ಯಾಬಿಗೆ ಒಂದು ಸಣ್ಣ ಕುಪ್ಪಿ ಜೇನು ಹಿಡಿದುಕೊಂಡು ಹೋದೆ. ಅಲ್ಲಿದ್ದದ್ದು ಅಬ್ಬೆ ರಿಫ್ರಾಕ್ಟೋಮೀಟರ್. ಜರ್ಮನಿಯ ಯೇನಾದಲ್ಲಿ ಎರ್ನ್‌ಸ್ಟ್ ಅಬ್ಬೆ 1869ರಲ್ಲಿ ಮೊದಲು ಮಾಡಿದ ಯಂತ್ರದ ವಂಶ. ಎರಡು ಪ್ರಿಸಂ ನಡುವೆ ಹನಿ ಹಾಕಿ ಬಿಗಿಯುವುದು, ಒಂದು ತಿರುಪಿನಿಂದ ಗೆರೆಯಂಚಿನ ಬಣ್ಣ ತೆಗೆಯುವುದು, ಇನ್ನೊಂದರಿಂದ ಗೆರೆಯನ್ನು ಒಳಗೆ ಕಾಣುವ ಕತ್ತರಿ ಗುರುತಿನ ಮೇಲೆ ತಂದು ನಿಲ್ಲಿಸುವುದು. 27 ಡಿಗ್ರಿಯಲ್ಲಿ ಓದಿದ್ದು 1.4872. ಜೇನಿನ ಕೋಷ್ಟಕ ಇರುವುದು 20 ಡಿಗ್ರಿಗೆ, ಅಲ್ಲಿಂದ ಮೇಲಿನ ಪ್ರತಿ ಡಿಗ್ರಿಗೂ 0.00023 ಕೂಡಿಸಬೇಕು. ಏಳು ಡಿಗ್ರಿಗೆ 0.0016, ಒಟ್ಟು 1.4888. ಕೋಷ್ಟಕದಲ್ಲಿ 1.4890ಕ್ಕೆ ನೀರು 19, 1.4865ಕ್ಕೆ 20. ಅಂದರೆ ನಮ್ಮದು 19ಕ್ಕೆ ಚೂರು ಮೇಲೆ. ನನ್ನ 1,850 ರೂಪಾಯಿಯದ್ದು ಬೆಳಿಗ್ಗೆ 19.5 ತೋರಿಸಿತ್ತು. ನನಗೆ ಅಷ್ಟು ಸಾಕು.

ಹಾಗೆಯೇ ಒಂದು ಗಾಜಿನ ತುಂಡನ್ನೂ ಅಳೆದು ತೋರಿಸಿದಳು. ಅಲ್ಲೂ ಅದೇ ಒಂದು ಹನಿ ಎಣ್ಣೆಯ ಉಪಾಯ. ಅದರ ಹೆಸರು ಬ್ರೋಮೋನ್ಯಾಫ್ತಲೀನ್, ಸೂಚ್ಯಂಕ 1.658. ನಡುವೆ ಬಿಡುವ ದ್ರವದ ಸೂಚ್ಯಂಕ ಗಾಜಿನದ್ದಕ್ಕಿಂತ ಹೆಚ್ಚಿರಬೇಕು, ಗಾಜಿನ ಮುಖ ನುಣುಪಾಗಿರಬೇಕು, ಇಲ್ಲದಿದ್ದರೆ ಗೆರೆ ಮೂಡುವುದಿಲ್ಲವಂತೆ. ನನ್ನ ಸೀಸೆಯ ಎಣ್ಣೆಯ ಗುಟ್ಟು ಗೊತ್ತಾದದ್ದು ಆಗ. ಅದು ಮುಗಿದಾಗ ಬಿಲ್ಲೆ ಬಿಟ್ಟು ಮನೆಯ ತೆಂಗಿನೆಣ್ಣೆಯನ್ನೇ ಹಾಕಿ ಮೀಟರು ಸರಿ ಇದೆಯೋ ಎಂದು ನೋಡುವ ಹುಚ್ಚು ಸಾಹಸ ಮಾಡಿದ್ದೇನೆ. ಬೆಳಿಗ್ಗೆ ಒಂದು ಅಂಕೆ, ಮಧ್ಯಾಹ್ನ ಇನ್ನೊಂದು. ಮೀಟರಿನೊಳಗಿನ ಎಟಿಸಿ, ಅಂದರೆ ಸೆಕೆಗೆ ತಕ್ಕಂತೆ ಸ್ಕೇಲನ್ನು ತಾನೇ ಜರುಗಿಸುವ ಏರ್ಪಾಡು, ಸಕ್ಕರೆ ದ್ರಾವಣಕ್ಕೆ ಹೊಂದಿಸಿದ್ದು. ಎಣ್ಣೆಯ ಸೂಚ್ಯಂಕ ಬಿಸಿಗೆ ಅದಕ್ಕಿಂತ ಜೋರಾಗಿ ಇಳಿಯುತ್ತದೆ.

ಎಟಿಸಿಯ ಮಾತು ಬಂದದ್ದರಿಂದ ವ್ಯಾಪಾರಿಯ ಕತೆ ಹೇಳಿಬಿಡುತ್ತೇನೆ. ಒಂದು ಮಾರ್ಚಿನಲ್ಲಿ ಜೇನು ಕೊಳ್ಳಲು ಬಂದವರು ನಮ್ಮ ಡಬ್ಬವನ್ನು ಜೀಪಿಗೆ ಏರಿಸಿ, ಬೇರೆ ಎರಡು ಮನೆ ಸುತ್ತಿ, ನಡು ಮಧ್ಯಾಹ್ನ ಬಿಸಿಲಲ್ಲೇ ತಮ್ಮ ಮೀಟರಿನಲ್ಲಿ ನೋಡಿದರು. "ಇಪ್ಪತ್ತೂವರೆ ಉಂಟಲ್ಲ ಮಾರಾಯ್ರೆ" ಎಂದು ಕಿಲೋಗೆ ಮೂವತ್ತು ರೂಪಾಯಿ ಇಳಿಸಿದರು. ನಾನು ಬೆಳಿಗ್ಗೆ ನೋಡಿದ್ದು 19.5. ಈ ಕೈಮೀಟರುಗಳ ಎಟಿಸಿ 10ರಿಂದ 30 ಡಿಗ್ರಿವರೆಗೆ ಮಾತ್ರ. ಜೀಪಿನೊಳಗೆ ಜೇನೂ ಮೀಟರೂ ಎರಡೂ ಕಾದಿದ್ದವು. ಲೆಕ್ಕ ಹಾಕಿ: ಹತ್ತು ಡಿಗ್ರಿ ಹೆಚ್ಚಾದರೆ ಸೂಚ್ಯಂಕ 0.0023 ಇಳಿಯುತ್ತದೆ, ಒಂದು ಶೇಕಡಾ ನೀರಿಗೆ ಇರುವ ವ್ಯತ್ಯಾಸ 0.0025. ಬಿಸಿಲೊಂದೇ ಸಾಕು, ಇಲ್ಲದ ಒಂದು ಶೇಕಡಾ ನೀರನ್ನು ಹುಟ್ಟಿಸಲಿಕ್ಕೆ. ಡಬ್ಬ ಚಾವಡಿಯಲ್ಲಿ ಇಳಿಸಿ, ಮಜ್ಜಿಗೆ ಕುಡಿಸಿ, ಸಂಜೆ ಎರಡೂ ಮೀಟರಿನಲ್ಲಿ ನೋಡಿದೆವು. ಅವರದ್ದರಲ್ಲೂ 19.5. ಹದಿನೈದು ರೂಪಾಯಿ ಮಾತ್ರ ಇಳಿಸಿ ಕೊಂಡುಹೋದರು. ಆ ಹದಿನೈದು ಯಾಕೆ ಎಂದು ಇವತ್ತಿಗೂ ಅರ್ಥವಾಗಿಲ್ಲ.

ನಾನು ಈಗ ನೋಡುವುದು ಬೆಳಿಗ್ಗೆ ಏಳರ ಒಳಗೆ. ಹನಿ ಹಾಕಿ, ಮುಚ್ಚಳ ಒತ್ತಿ, ಗುಳ್ಳೆ ಇಲ್ಲವೆಂದು ನೋಡಿ, ಅರ್ಧ ನಿಮಿಷ ಬಿಟ್ಟು ಕಣ್ಣಿಡುತ್ತೇನೆ. ಇದರಿಂದ ನಿಜವಾಗಿ ಬದಲಾದದ್ದು ಎರಿ (ಜೇನುತಟ್ಟೆ) ತೆಗೆಯುವ ಪದ್ಧತಿ. ಒಂದೇ ಎರಿಯಲ್ಲಿ ಮೇಲ್ಭಾಗ ಮೇಣದಲ್ಲಿ ಸೀಲ್ ಆಗಿ, ಕೆಳಗಿನ ಮೂರು ಬೆರಳಿನಷ್ಟು ತೆರೆದಿತ್ತು. ಕಡ್ಡಿಯಿಂದ ಎರಡೂ ಕಡೆಯಿಂದ ತೆಗೆದು ನೋಡಿದೆ: ಸೀಲ್ ಆದದ್ದು 19.5, ತೆರೆದದ್ದು 24. ಅಷ್ಟೇ ಜಾಗದ ನಡುವೆ ಇಷ್ಟು ಅಂತರ! ಈಗ ಮುಕ್ಕಾಲು ಸೀಲ್ ಆಗದೆ ಮುಟ್ಟುವುದಿಲ್ಲ. ಡಬ್ಬದಲ್ಲಿಯೂ ಮೇಲಿನದ್ದು ತೆಳು, ಅಡಿಯದ್ದು ದಪ್ಪ, ಚೆನ್ನಾಗಿ ಕಲಸಿಯೇ ಹನಿ ತೆಗೆಯಬೇಕು. ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ರಾತ್ರಿ ತಟ್ಟೆಯಲ್ಲಿ ತೆರೆದಿಟ್ಟ ಜೇನಿನ ಮೇಲ್ಪದರ ಬೆಳಿಗ್ಗೆ 22 ತೋರಿಸಿತು. ಕುಪ್ಪಿಗೆ ತುಂಬಿಸುವ ಕೆಲಸವನ್ನು ಮಳೆಗೆ ಮುಂಚೆ ಮುಗಿಸಬೇಕೆಂದು ಹಿರಿಯರು ಗದರುತ್ತಿದ್ದದ್ದು ಸುಮ್ಮನೆ ಅಲ್ಲ.

ಬಹಳ ಮಂದಿ ಕೇಳುವುದು, ಇದರಲ್ಲಿ ಅಸಲಿ ನಕಲಿ ಗೊತ್ತಾಗುತ್ತದಾ ಎಂದು. ಇಲ್ಲ. ಸಕ್ಕರೆ ಪಾಕವನ್ನು ಹದವಾಗಿ ಕಾಯಿಸಿ ತಂದರೆ ಅದಕ್ಕೂ ಇದೇ ಗೆರೆ, ಇದೇ ಅಂಕೆ. ನಕಲಿ ಗೊತ್ತಾಗುತ್ತದೆಂದು ಹೇಳಿ ಮೀಟರು ಮಾರುವವರನ್ನು ನಂಬಬೇಡಿ. ಸಕ್ಕರೆಗಟ್ಟಿದ ಜೇನಿನಲ್ಲಿ ಗೆರೆಯೇ ಮಸುಕು, ಕುಪ್ಪಿಯನ್ನು ಉಗುರುಬೆಚ್ಚಗಿನ ನೀರಲ್ಲಿಟ್ಟು ಕರಗಿಸಿ, ತಣಿದ ಮೇಲೆ ನೋಡಿ.

ಕೊಳ್ಳುವಾಗ ಸ್ಕೇಲು ಮುಖ್ಯ. ನಮ್ಮ ನೆರೆಯವರು ನನ್ನದನ್ನು ನೋಡಿ ತರಿಸಿದ್ದು ಬ್ರಿಕ್ಸ್ 0ರಿಂದ 32ರದ್ದು. ಜೇನು ಹಾಕಿದರೆ ಪೂರಾ ಬಿಳಿ. ನನಗೆ ಪೂರಾ ನೀಲಿ, ಅವರಿಗೆ ಪೂರಾ ಬಿಳಿ! ಅದು ದಂಡವಾಗಲಿಲ್ಲ, ಈಗ ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ಕಲ್ಪರಸಕ್ಕೆ ಬಳಸುತ್ತಾರೆ, ತಾಜಾ ರಸ 15ರ ಹತ್ತಿರ ನಿಲ್ಲುತ್ತದೆ. ಹುಳಿ ಬಂದ ರಸದಲ್ಲಿ ಮಾತ್ರ ಅಂಕೆ ನಂಬುವ ಹಾಗಿಲ್ಲ. ಸಕ್ಕರೆ ಕಳೆದರೂ ಹುಟ್ಟಿದ ಆಲ್ಕೋಹಾಲಿನ ಸೂಚ್ಯಂಕ 1.36, ನೀರಿಗಿಂತ ಹೆಚ್ಚು, ಅದೂ ಬೆಳಕನ್ನು ಬಾಗಿಸುತ್ತದೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಆ ಚೀಟಿಗೆ ಮತ್ತು ಮುಚ್ಚಳದ ಕೀಲಿಗೆ. ಕೀಲು ಮೂರನೇ ವರ್ಷ ತುಂಡಾಯಿತು, ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ನಡೆಸುತ್ತಿದ್ದೇನೆ. ತೊಳೆಯುವಾಗ ನಲ್ಲಿಯ ಕೆಳಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಒರೆಸದೆ ಮರೆತರೆ ಅರ್ಧ ಗಂಟೆಯಲ್ಲಿ ಇರುವೆ ಸಾಲು. ನಮ್ಮ ಮಳೆಗೆ ಮಸೂರದಲ್ಲಿ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ನಾನು ಆ ಬುದ್ಧಿ ಕಲಿತದ್ದು ತಡವಾಗಿ. ನನ್ನದರಲ್ಲಿ ನೀರಿನ ಸ್ಕೇಲಿನ 24ರ ಮೇಲೆ ಕೂದಲೆಳೆಯಂಥ ಬೂಷ್ಟಿನ ಗೆರೆ ಮೂಡಿದೆ. ಬಿಚ್ಚಿ ಒರೆಸುವ ಧೈರ್ಯವಿಲ್ಲ. ಅಷ್ಟು ನೀರಿನ ಜೇನು ಈಗ ನಮ್ಮಲ್ಲಿ ಮುಜಂಟಿಯದ್ದು ಮಾತ್ರ, ಅದನ್ನು ಮಾರುವುದಿಲ್ಲ, ಕೆಮ್ಮಿಗೆಂದು ಮನೆಯಲ್ಲೇ ಮುಗಿಯುತ್ತದೆ.