ಏಸಿ ಬದಲಿಸುವ ಮೊದಲು ಸ್ಲ್ಯಾಬ್ ನೋಡಿ

ರಾಯಚೂರಿನ ಒಂದು ಮನೆ. ಮೇಲಿನ ಮಹಡಿಯಲ್ಲಿ, ಪಶ್ಚಿಮ ಮೂಲೆಗೆ 12×14 ಅಡಿಯ ಮಲಗುವ ಕೋಣೆ. ಕೆಳಗಿನ ಕೋಣೆಗಳಲ್ಲಿ ರಾತ್ರಿ ಬರೀ ಫ್ಯಾನಿಗೆ ನಿದ್ದೆ ಹತ್ತುತ್ತಿತ್ತು. ಮೇಲಿನ ಇದೊಂದರಲ್ಲಿ ಮಾತ್ರ ಒಂದೂವರೆ ಟನ್ನಿನ ಏಸಿ ಮೂರು ತಾಸು ಓಡಿದರೂ 29 ಡಿಗ್ರಿಗಿಂತ ಕೆಳಗಿಳಿಯುತ್ತಿರಲಿಲ್ಲ. ರಿಪೇರಿಗೆ ಬಂದವರು "ಗ್ಯಾಸ್ ಕಮ್ಮಿ ಆಗ್ಯಾದ್ರಿ" ಅಂದರು. ಒಂದೇ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದ್ದಾಯಿತು. ಆಮೇಲೆ ಎರಡು ಟನ್ನಿನ ಹೊಸ ಏಸಿ, ಅದರ ಹಿಂದೆ ಜಿಪ್ಸಮ್ ಫಾಲ್ಸ್ ಸೀಲಿಂಗ್. ಮಳೆಗಾಲಕ್ಕೆ ಮುಂಚೆ, ಸೋರದಿರಲಿ ಎಂದು ಮಾಳಿಗೆಗೆ ಕಪ್ಪು ಡಾಂಬರು ಶೀಟನ್ನೂ ಅಂಟಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ ಕೋಣೆ ಮೊದಲಿಗಿಂತ ಹೆಚ್ಚು ಕುದಿಯಿತು.

ಮೊದಲು ಗ್ಯಾಸಿನ ಮಾತು. ಸ್ಪ್ಲಿಟ್ ಏಸಿಯ ಗ್ಯಾಸು ಸ್ಕೂಟರಿನ ಪೆಟ್ರೋಲಿನಂತೆ ಖರ್ಚಾಗುವಂಥದ್ದಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ನೈಟ್ರೋಜನ್ ಒತ್ತಡ ಕೊಟ್ಟು ಸೋರುವ ಜಾಗ ಹುಡುಕಬೇಕು, ಅದನ್ನು ಬೆಸೆಯಬೇಕು, ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಕೊಳವೆಯೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರಗೆಳೆಯಬೇಕು. ಆಮೇಲಷ್ಟೇ ಯಂತ್ರದ ಮೇಲೆ ಬರೆದಿರುವ ಗ್ರಾಂ ಲೆಕ್ಕದಲ್ಲಿ, ತಕ್ಕಡಿಯಲ್ಲಿ ತೂಗಿ ತುಂಬಬೇಕು. ಸಿಲಿಂಡರಿಗೆ ತಕ್ಕಡಿಯೇ ಇಲ್ಲದೆ ಬಂದವರಿಂದ ಗ್ಯಾಸ್ ಹಾಕಿಸಬೇಡಿ.

ಏಸಿ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಥರ್ಮಾಮೀಟರ್ ಸಾಕು. ಫಿಲ್ಟರ್ ತೊಳೆದು, ಹದಿನೈದು ನಿಮಿಷ ಓಡಿಸಿ, ಒಳಕ್ಕೆ ಎಳೆದುಕೊಳ್ಳುವ ಗಾಳಿ ಮತ್ತು ಹೊರಗೆ ಬಿಡುವ ಗಾಳಿ ಎರಡನ್ನೂ ಅಳೆಯಿರಿ. 8ರಿಂದ 12 ಡಿಗ್ರಿ ಅಂತರವಿದ್ದು ಗಾಳಿಯ ರಭಸವೂ ಚೆನ್ನಾಗಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ. ಈ ಮನೆಯ ಹಳೇ ಏಸಿಯಲ್ಲಿ ಒಳಕ್ಕೆ 29, ಹೊರಕ್ಕೆ 18 ಇತ್ತು. ಅದನ್ನು ಸೆಕೆಂಡ್ ಹ್ಯಾಂಡ್ ದರಕ್ಕೆ ಕೊಟ್ಟಾಗಿತ್ತು!

ಹಾಗಾದರೆ ಧಗೆ ಎಲ್ಲಿಂದ? ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಆ ದಿನಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ, ಏಟೆಲ್ಲ ಸ್ಲ್ಯಾಬಿಗೆ. ಮಧ್ಯಾಹ್ನದ ಮೇಲೆ ಪಶ್ಚಿಮದ ಗೋಡೆಗೆ. ಐದಿಂಚಿನ ಸ್ಲ್ಯಾಬು ಮೇಲಿನ ಬಿಸಿಯನ್ನು ಮೂರ್ನಾಲ್ಕು ತಾಸು ತಡವಾಗಿ ಒಳಕ್ಕೆ ಬಿಡುತ್ತದೆ, ಒಂಬತ್ತಿಂಚಿನ ಇಟ್ಟಿಗೆ ಗೋಡೆ ಇನ್ನೂ ತಡ. ಅಂದರೆ ಸಂಜೆ ಶುರುವಾದ ಬಿಸಿ ಮಲಗುವ ಹೊತ್ತಿಗೂ ಒಳಕ್ಕೆ ಬರುತ್ತಲೇ ಇರುತ್ತದೆ. ಹಳೇ ಮಣ್ಣಿನ ಮಾಳಿಗೆಯಲ್ಲಿ ಜಂತಿಯ ಮೇಲೆ ಒಂದಡಿ ಮಣ್ಣಿರುತ್ತಿತ್ತು; ಅದನ್ನು ದಾಟಿ ಬಿಸಿ ಇಳಿಯುವಷ್ಟರಲ್ಲಿ ನಸುಕಾಗುತ್ತಿತ್ತು.

ಪತ್ತೆಗೆ ಬೇಕಾದದ್ದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್. ಜ್ವರ ನೋಡುವುದಲ್ಲ, ಕಾರ್ಖಾನೆಗಳಲ್ಲಿ ಬಳಸುವುದು. ಬೆಳಿಗ್ಗೆ 7, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಸ್ಲ್ಯಾಬಿನ ತಳ, ನಾಲ್ಕೂ ಗೋಡೆ, ಕಿಟಕಿ ಗಾಜು ಅಳೆದು ಬರೆದಿಡಿ. ಹೊಳೆಯುವ ಸ್ಟೀಲು, ತಗಡಿಗೆ ಹಿಡಿಯಬೇಡಿ, ಸುಳ್ಳು ಅಂಕಿ ಬರುತ್ತದೆ. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಲೈಟು ಬಿಚ್ಚಿ, ಆ ತೂತಿನಿಂದ ಸ್ಲ್ಯಾಬಿಗೇ ಗುರಿಯಿಡಿ. ಇಲ್ಲಿ ರಾತ್ರಿ ಹತ್ತಕ್ಕೆ ಸ್ಲ್ಯಾಬ್ 42, ಪಶ್ಚಿಮ ಗೋಡೆ 38, ಉತ್ತರ ಗೋಡೆ 33. ಕೆಳಗಿನ ಮಹಡಿಯ ಸೀಲಿಂಗ್ 33, ಅದರ ತಲೆ ಮೇಲೆ ಬಿಸಿಲಿಲ್ಲವಲ್ಲ. ಕೋಣೆಯನ್ನು 27ಕ್ಕೆ ಇಳಿಸಬೇಕೆಂದರೆ ಈ ಸ್ಲ್ಯಾಬು, ಗೋಡೆ ಎರಡೇ ಸೇರಿ ಸುಮಾರು ಎರಡು ಕಿಲೋವ್ಯಾಟ್ ಬಿಸಿ ಸುರಿಯುತ್ತವೆ. ಒಂದೂವರೆ ಟನ್ ಅಂದರೆ ಒಟ್ಟು ಐದೂಕಾಲು ಕಿಲೋವ್ಯಾಟ್. ಅದೂ ಹೊರಗೆ 35 ಡಿಗ್ರಿ ಇದ್ದಾಗಿನ ಲೆಕ್ಕ. ಹೊರಗೆ 42 ಇದ್ದಾಗ ಅಷ್ಟು ಸಿಗುವುದಿಲ್ಲ.

ಈಗ ಪರಿಹಾರ. ಅಗ್ಗದ್ದು ಸುಣ್ಣ: ರಾತ್ರಿಯೆಲ್ಲ ನೆನೆಸಿ, ಸೋಸಿ, ಅಂಟು ಬೆರೆಸಿ ಮಾಳಿಗೆಗೆ ಎರಡು ಮೂರು ಕೋಟು. ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ, ಪ್ರತಿ ಫೆಬ್ರುವರಿಯಲ್ಲಿ ಮತ್ತೆ ಹೊಡೆಯಬೇಕು. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಕೂಲ್ ರೂಫ್ ಬಣ್ಣ ಹೆಚ್ಚು ಬಾಳುತ್ತದೆ. ಆದರೆ ಡಾಂಬರು ಶೀಟಿನ ಮೇಲೆ ನೇರವಾಗಿ ಬಳಿದರೆ ಡಾಂಬರು ಮೇಲೆದ್ದು ಬಿಳುಪು ಹಳದಿಯಾಗುತ್ತದೆ, ತಕ್ಕ ಪ್ರೈಮರ್ ಕೇಳಿ. ಗಟ್ಟಿ ದಾರಿಯೆಂದರೆ ವಾಟರ್‌ಪ್ರೂಫಿಂಗ್ ಮೇಲೆ 50 ಮಿಲಿಮೀಟರಿನ ಎಕ್ಸ್‌ಪಿಎಸ್ (ಬಿಸಿ ತಡೆಯುವ ಗಟ್ಟಿ ಫೋಮ್) ಹಲಗೆ, ಅದರ ಮೇಲೆ ಜಾಳಿಗೆ ಹಾಕಿದ ಎರಡಿಂಚು ಕಾಂಕ್ರೀಟು, ಮೇಲೆ ಬಿಳಿ ಟೈಲ್ಸ್ ಚೂರು. ನೀರು ಹೋಗುವ ಕೊಳವೆಯ ಬಾಯನ್ನು ಅಷ್ಟೇ ಎತ್ತರಿಸಲು ಮರೆತರೆ ಮಾಳಿಗೆ ಕೆರೆಯಾಗುತ್ತದೆ. ಕಾಂಕ್ರೀಟೊಂದೇ ಚದರ ಅಡಿಗೆ ಹನ್ನೊಂದು ಕಿಲೋಗ್ರಾಂ ಭಾರ, ಆದ್ದರಿಂದ ಕಲ್ಲುಚಪ್ಪಡಿ ಅಥವಾ ಹಳೇ ಮಾಳಿಗೆಗೆ ಇಂಜಿನಿಯರ್ ನೋಡದೆ ಹಾಕಿಸಬೇಡಿ.

ಫಾಲ್ಸ್ ಸೀಲಿಂಗ್ ಒಳಗೆ ಥರ್ಮಾಕೋಲ್ ತುಂಬಿಸುತ್ತೇವೆ ಎನ್ನುವವರೂ ಬರುತ್ತಾರೆ. ಅಲ್ಲೇ ವೈರಿಂಗ್ ಹೋಗಿರುತ್ತದೆ, ಒಂದು ಕಿಡಿ ಸಾಕು, ಬೇಡವೇ ಬೇಡ. ಬಳ್ಳಾರಿ ಕಡೆ ಅದಿರಿನ ಕೆಂದೂಳು ಕೂತರೆ ಬಿಳಿ ಮಾಳಿಗೆಯೂ ಬಿಳಿಯಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗುಡಿಸಿ, ನೀರು ಹೊಡೆದು ತೊಳೆಯಬೇಕು.