ಮಡಿಕೇರಿ ಏರಿಗೆ ಸೈಕಲ್ಲಾ, ಬಸ್ಸಾ, ಕಾಲಾ?

ತಗ್ಗಿನಲ್ಲಿ ಮನೆ, ತಿಮ್ಮಯ್ಯ ವೃತ್ತದ ಹತ್ತಿರ ಕೆಲಸ. ಮಡಿಕೇರಿಯವರಿಗೆ ಇಷ್ಟು ಹೇಳಿದರೆ ಸಾಕು, ದಿನಾ ಏರು ಹತ್ತಬೇಕು ಅಂತ ಗೊತ್ತಾಗುತ್ತದೆ. ಪೆಟ್ರೋಲ್ ಸ್ಕೂಟರ್ ಮನೆಯಲ್ಲೇ ಬಿಟ್ಟು, ಒಂದೊಂದು ವಾರ ಒಂದೊಂದು ಥರ ಹೋಗಿ ನೋಡಿದೆ.

ಸೈಕಲ್ ಕುಶಾಲನಗರದ ತಮ್ಮನದು, ಗೇರ್ ಇಲ್ಲ. ಸಂಜೆ ಇಳಿಯೋದು ಸುಖ. ಬೆಳಿಗ್ಗೆ ಮಾತ್ರ ತುಳಿದದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾಯಿತಲ್ವಾ, ಅಂಥದ್ದು ನಮಗೂ ಬೇಕು ಅನ್ನುವವರಿದ್ದಾರೆ. ಕುಶಾಲನಗರದ ಸಮತಟ್ಟು ರಸ್ತೆಗೆ ತನ್ನಿ, ಒಪ್ಪುತ್ತೇನೆ. ಇಲ್ಲಿಗೆ ತಂದರೆ ಸುಮ್ನೆ ತುಕ್ಕು ಹಿಡಿಯುತ್ತವೆ.

ಬಸ್ಸಿನ ಮಾತು ಬೇಗ ಮುಗಿಯುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ತಮ್ಮನ ಮನೆಗೆ ಹೋಗಲು ಅದೇ ಸರಿ. ಊರೊಳಗೆ ಬಸ್‌ಗೆ ಕಾಯುವಷ್ಟರಲ್ಲಿ ನಡೆದೇ ಮುಟ್ಟಬಹುದು.

ಗೆಳತಿಯ ಎಲೆಕ್ಟ್ರಿಕ್ ಸ್ಕೂಟರ್ ಏರನ್ನು ಸದ್ದಿಲ್ಲದೆ ಹತ್ತಿತು. ಚಾರ್ಜ್ ಮಾಡೋದೇ ಕಷ್ಟ. ಮೇಲಿನ ಮಹಡಿ ಕಿಟಕಿಯಿಂದ ವೈರ್ ಇಳಿಸಬೇಕು. ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ಬೆಳಿಗ್ಗೆ ನೋಡಿದರೆ ಬ್ಯಾಟರಿ ಶೇ. 12. ಬಸ್ ನಿಲ್ದಾಣದ ಹತ್ತಿರ ನಾಲ್ಕು ಚಾರ್ಜಿಂಗ್ ಪಾಯಿಂಟ್ ಇದ್ದರೆ ನಾಳೆಯೇ ಒಂದು ಕೊಳ್ಳುತ್ತೇನೆ.

ಕೊನೆಗೆ ಗೆದ್ದದ್ದು ನಡಿಗೆ. ರಸ್ತೆ ಬಳಸಿಕೊಂಡು ಹೋಗುತ್ತದೆ, ಮನೆ ಹಿಂದಿನ ಮೆಟ್ಟಿಲು ದಾರಿ ನೇರ ಮೇಲಕ್ಕೆ. 18 ನಿಮಿಷ ಸಾಕು. ಸ್ಕೂಟರ್‌ನಲ್ಲಿ 8 ನಿಮಿಷ, ಆಮೇಲೆ ಪಾರ್ಕಿಂಗ್ ಹುಡುಕಲು ಇನ್ನೊಂದು 10! ಆದರೆ ಜುಲೈನಲ್ಲಿ ಆ ಮೆಟ್ಟಿಲಿಗೆ ಹಸಿರು ಪಾಚಿ ಹಿಡಿಯುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಿಫಿನ್ ಬ್ಯಾಗ್, ಹಿಡಿದುಕೊಳ್ಳಲು ಏನೂ ಇಲ್ಲ. ಒಮ್ಮೆ ಜಾರಿ ಮೂರು ಮೆಟ್ಟಿಲು ಕೂತೇ ಇಳಿದೆ. ಡಬ್ಬಿಯ ಅಕ್ಕಿರೊಟ್ಟಿ ಮಾತ್ರ ಉಳಿಯಿತು.

ಯಾವ ಊರಿನ ನಗರಸಭೆಯೇ ಆಗಲಿ, ಗುಡ್ಡದ ಮೇಲಿದ್ದರೆ ಮೊದಲು ಇಂಥ ದಾರಿ ನೋಡಲಿ. ಒಂದು ಬದಿಗೆ ಕಬ್ಬಿಣದ ಕಂಬಿ, ಎರಡು ದೀಪ, ಮೇ ತಿಂಗಳಲ್ಲೊಮ್ಮೆ ಪಾಚಿ ಕೆರೆಯುವ ಕೆಲಸ. ದುಡ್ಡೆಲ್ಲಿ ಅಂದರೆ, ರಜಾದಿನ ರಾಜಾಸೀಟ್ ಕಡೆ ಸಾಲುಗಟ್ಟುವ ಕಾರುಗಳ ಪಾರ್ಕಿಂಗ್ ಶುಲ್ಕ ಇದಕ್ಕೇ ಇಡಲಿ.

ಸೈಕಲ್ ತಮ್ಮನಿಗೆ ವಾಪಸ್ ಕೊಟ್ಟೆ. ಅವನು ದಿನಾ ಅದರಲ್ಲೇ ಹಾಲಿಗೆ ಹೋಗುತ್ತಾನೆ.