ಹಾಲ್‌ನಲ್ಲಿ ಪಟ್, ಟೆರೇಸ್‌ನಲ್ಲಿ ಚಿಪ್: ಶಾರ್ಟ್ ಗೇಮ್ ಸಾಮಾನುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು?

ಗಾಲ್ಫ್ ಅಂಗಡಿಯಲ್ಲಿ ಡ್ರೈವರ್ (ದೂರ ಹೊಡೆಯುವ ಕ್ಲಬ್) ಬಿಟ್ಟರೆ ಅತಿ ಹೆಚ್ಚು ಆಸೆ ಹುಟ್ಟಿಸುವುದು ಶಾರ್ಟ್ ಗೇಮ್ ಅನ್ನು, ಅಂದರೆ ಗ್ರೀನ್ (ಹೋಲ್ ಇರುವ ನುಣುಪು ಹುಲ್ಲು) ಮೇಲೆ ಚೆಂಡು ಉರುಳಿಸುವ ಪಟ್ ಮತ್ತು ಅದರ ಅಂಚಿನಿಂದ ಎತ್ತಿ ಹೊಡೆಯುವ ಚಿಪ್ ಅನ್ನು, ಮನೆಯಲ್ಲೇ ಅಭ್ಯಾಸ ಮಾಡುವ ಸಾಮಾನುಗಳು. ಪಟಿಂಗ್ ಮ್ಯಾಟ್, ಚೆಂಡು ಹಿಂದಿರುಗಿಸುವ ರ್‍ಯಾಂಪ್, ಕನ್ನಡಿ, ಚಿಪಿಂಗ್ ನೆಟ್. ಇವುಗಳನ್ನು ಅಳೆಯಲು ಒಂದು ಪ್ರಶ್ನೆ ಸಾಕು. ಹೊಡೆತ ಕೆಟ್ಟ ಕ್ಷಣದಲ್ಲೇ ಅದು ಕೆಟ್ಟಿತು ಎಂದು ಈ ವಸ್ತು ಹೇಳುತ್ತದೆಯೇ, ಇಲ್ಲವೇ ಕೆಟ್ಟದ್ದನ್ನೂ ಚೆನ್ನಾಗಿದೆ ಎಂದು ತೋರಿಸುತ್ತದೆಯೇ? ಎರಡನೆಯ ಗುಂಪಿಗೆ ಸೇರುವ ಸಾಮಾನು ಸುಮ್ಮನೆ ಮೂಲೆಯಲ್ಲಿ ಬಿದ್ದಿದ್ದರೂ ಪರವಾಗಿಲ್ಲ. ದಿನಾ ಬಳಸಿದರೆ ಆಟ ಕೆಡುತ್ತದೆ.

ಮೊದಲೇ ಒಂದು ಮಾತು. ಶಾರ್ಟ್ ಗೇಮ್ ಒಂದನ್ನು ತಿದ್ದಿಕೊಂಡರೆ ಸ್ಕೋರ್ ತಾನಾಗಿ ಇಳಿಯುತ್ತದೆ ಎನ್ನುವುದು ಅರ್ಧ ಸತ್ಯ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರೋಡಿ ಅಮೆರಿಕದ ವೃತ್ತಿಪರ ಪಿಜಿಎ ಟೂರ್ ಲೆಕ್ಕಗಳನ್ನು ಬಿಡಿಸಿ ತೋರಿಸಿದಂತೆ, ಆಟಗಾರರ ನಡುವಿನ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ಹುಟ್ಟುವುದು 100 ಗಜಕ್ಕಿಂತ ದೂರದ ಹೊಡೆತಗಳಲ್ಲಿ. ಟೀಯಿಂದ (ಪ್ರತಿ ಹೋಲ್‌ನ ಆಟ ಶುರುವಾಗುವ ಜಾಗದಿಂದ) ಹೊಡೆದ ಚೆಂಡು ಒಂದು ಸುತ್ತಿನ ಆಟದಲ್ಲಿ ನಾಲ್ಕು ಸಲ ಔಟ್ ಆಫ್ ಬೌಂಡ್ಸ್ (ಗಡಿಯಾಚೆ) ಹೋಗುವವರಿಗೆ ಯಾವ ಮ್ಯಾಟೂ ಪರಿಹಾರವಲ್ಲ. ಆದರೆ ಎರಡು ಬೆಡ್‌ರೂಮಿನ ಮನೆಯಲ್ಲಿ ಡ್ರೈವರ್ ಬೀಸಲಾಗದು, ಪಟ್ಟರ್ ಬೀಸಬಹುದು. ದೂರ ಹೊಡೆಯುವುದಕ್ಕೆ ಹೆಸರಾಗದ ಬೆಂಗಳೂರಿನ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 15 ಅಂಡರ್ (ಪಾರ್ ಎಂಬ ನಿಗದಿತ ಹೊಡೆತಗಳಿಗಿಂತ 15 ಕಡಿಮೆ) ಮಾಡಿ ಒಂದೇ ಸ್ಟ್ರೋಕಿನಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದದ್ದು ಬಹುಪಾಲು ಪಟ್ಟರ್‌ನ ಬಲದಿಂದ.

ಮ್ಯಾಟ್‌ನಿಂದ ಶುರು ಮಾಡೋಣ. ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವ ಮಾದರಿಯಲ್ಲಿ ಕೊನೆಯ ಒಂದಡಿ ಏರಾಗಿದ್ದು, ಮೇಲೆ ತೂತು, ಪಕ್ಕದಲ್ಲಿ ಚೆಂಡು ಉರುಳಿ ವಾಪಸ್ ಬರುವ ಕಾಲುವೆ ಇರುತ್ತದೆ. ಇದನ್ನು ಕೊಳ್ಳಬೇಡಿ. ಏರು ಹತ್ತಿಸಲು ಬೇಕಾದ ವೇಗವನ್ನೇ ಕೈ ಕಲಿಯುತ್ತದೆ. ಸಮತಟ್ಟಾದ ಗ್ರೀನ್‌ನಲ್ಲಿ ಅದೇ ವೇಗದ 8 ಅಡಿಯ ಪಟ್ ತಪ್ಪಿದರೆ ಮೂರು ನಾಲ್ಕು ಅಡಿ ಆಚೆ ಹೋಗಿ ನಿಲ್ಲುತ್ತದೆ, ಮೂರನೇ ಪಟ್ ಹುಟ್ಟುವುದೇ ಅಲ್ಲಿ. ಏರಿಲ್ಲದ, ಕನಿಷ್ಠ 9–10 ಅಡಿ ಉದ್ದದ, ಅಡಿಯಲ್ಲಿ ರಬ್ಬರ್ ಇರುವ ತೆಳು ಮ್ಯಾಟ್ ಸಾಕು. ದಪ್ಪ ಫೋಮ್ ಇರುವುದು ಮೆತ್ತಗಿದೆ ಎಂದು ಮರುಳಾಗಬೇಡಿ. ಚೆಂಡು ಮ್ಯಾಟ್ ಮೇಲೆ, ಕಾಲು ಟೈಲ್ಸ್ ಮೇಲೆ ಇದ್ದಾಗ ಮ್ಯಾಟಿನ ದಪ್ಪದಷ್ಟು ಚೆಂಡು ಎತ್ತರದಲ್ಲಿರುತ್ತದೆ. ಎರಡು ಸೆಂಟಿಮೀಟರ್ ಆದರೂ ಪಟ್ಟರ್ ಅಷ್ಟು ಉದ್ದವಾದಂತಾಗಿ ಹಿಡಿತ, ನಿಲುವು ಎರಡೂ ಬದಲಾಗುತ್ತವೆ.

ಸುರುಳಿ ಬಿಚ್ಚಿದ ಮ್ಯಾಟ್‌ನಲ್ಲಿ ಅಡ್ಡ ಮಡಿಕೆಗಳು ಏಳುತ್ತವೆ. ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ನೂಲು ಕರಗುತ್ತದೆ. ಮಗುಚಿ ಹಾಕಿ ಒಂದೆರಡು ಗಂಟೆ ಬಿಸಿಲಿಗಿಟ್ಟು, ಒಳಗೆ ತಂದು ಎರಡೂ ತುದಿಗೆ ಭಾರ ಹೇರಿ ರಾತ್ರಿಯಿಡೀ ಬಿಡಿ. ಅಷ್ಟಾದ ಮೇಲೂ ಚೆಂಡು ಒಂದೇ ಕಡೆಗೆ ವಾಲಿದರೆ ಮ್ಯಾಟನ್ನು ಬೈಯುವ ಮೊದಲು ನೆಲ ನೋಡಿ. ಬಾಗಿಲ ಕಡೆಗೋ ಬಚ್ಚಲ ಕಡೆಗೋ ನೀರು ಹರಿಯಲೆಂದು ಮೇಸ್ತ್ರಿ ಇಳಿಜಾರು ಕೊಟ್ಟಿರುತ್ತಾನೆ. ಮ್ಯಾಟನ್ನು ಇಳಿಜಾರಿನ ಉದ್ದಕ್ಕೆ ಹಾಸಿ, ಏರಿನ ಕಡೆಗೆ ಹೊಡೆಯಿರಿ.

ಮ್ಯಾಟಿನ ವೇಗ ನಿಮ್ಮ ಗ್ರೀನ್‌ನ ವೇಗಕ್ಕೆ ಹೊಂದುತ್ತದೆಯೇ ಎಂದು ನೋಡಲು ಸ್ಟಿಂಪ್‌ಮೀಟರ್ ಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಆಂಗಲ್‌ನಲ್ಲಿ 30 ಇಂಚು ಕತ್ತರಿಸಿ, ಒಂದು ತುದಿ ನೆಲದಲ್ಲಿ, ಇನ್ನೊಂದು 10¼ ಇಂಚು ಎತ್ತರದಲ್ಲಿ ಇರುವಂತೆ ಆನಿಸಿದರೆ ಸುಮಾರು 20 ಡಿಗ್ರಿ ಓರೆ ಬರುತ್ತದೆ. ಮೇಲಿನ ತುದಿಯಿಂದ ಚೆಂಡು ಬಿಟ್ಟು ಅದು ಎಷ್ಟು ಅಡಿ ಉರುಳಿತು ಎಂದು ಅಳೆಯಿರಿ. ಮ್ಯಾಟ್ ಸಾಲದಿದ್ದರೆ 15 ಇಂಚಿನ ಗುರುತಿನಿಂದ ಬಿಟ್ಟು, ಬಂದ ದೂರವನ್ನು ಎರಡರಿಂದ ಗುಣಿಸಿ. ಬರುವುದು ನಿಖರವಾದ ಸ್ಟಿಂಪ್ ಅಂಕಿಯಲ್ಲ, ಆದರೆ ಅದೇ ಆಂಗಲ್ ಅನ್ನು ಕ್ಲಬ್ಬಿನ ಪ್ರಾಕ್ಟೀಸ್ ಗ್ರೀನ್‌ಗೂ ಒಯ್ದು ಹೋಲಿಸಬಹುದು. ಗ್ರೀನ್‌ಗಿಂತ ಮ್ಯಾಟ್ ಮೇಲೆ ಚೆಂಡು ಎರಡು ಅಡಿಗೂ ಹೆಚ್ಚು ದೂರ ಉರುಳಿದರೆ ಅದರ ಮೇಲೆ ವೇಗದ ಅಭ್ಯಾಸ ಬೇಡ, ದಿಕ್ಕಿನದು ಮಾತ್ರ ಮಾಡಿ.

ಇನ್ನು ರ್‍ಯಾಂಪ್. ಬ್ರಿಟನ್ನಿನ ಪಟ್‌ಔಟ್ ಕಂಪನಿಯದು ಈ ಜಾತಿಯಲ್ಲಿ ಹೆಸರುವಾಸಿ. ಮಡಚಿದರೆ ಗಾಲ್ಫ್ ಬ್ಯಾಗಿನ ಜೇಬಿಗೆ ಹೋಗುವಷ್ಟು ಚಿಕ್ಕದು. ನೋಡಲು ಆಟಿಕೆಯಂತಿದ್ದರೂ ಇದರ ಬಾಗಿನಲ್ಲಿ ಲೆಕ್ಕಾಚಾರವಿದೆ. ಗುರಿಯಿಟ್ಟು ಹೋದ ಚೆಂಡು ಬಾಗನ್ನು ಹತ್ತಿ ಹಿಂದಿರುಗುತ್ತದೆ, ಎಷ್ಟು ದೂರ ಹಿಂದಿರುಗಿತೋ, ಹೋಲ್ ಇಲ್ಲದಿದ್ದರೆ ಅಷ್ಟೇ ದೂರ ಅದು ಮುಂದೆ ಹೋಗುತ್ತಿತ್ತು. ದಿಕ್ಕು ತಪ್ಪಿದ ಚೆಂಡು ಪಕ್ಕಕ್ಕೆ ಜಾರಿ ಬೀಳುತ್ತದೆ. ನಡುವೆ ಒಂದು ಸಣ್ಣ ತೂತಿದ್ದು, ವೇಗ ದಿಕ್ಕು ಎರಡೂ ಕೂಡಿಬಂದರೆ ಮಾತ್ರ ಚೆಂಡು ಅಲ್ಲಿ ಕೂರುತ್ತದೆ. ಹೊಡೆದ ಪ್ರತಿ ಪಟ್‌ಗೂ ವೇಗದ ಲೆಕ್ಕವನ್ನು ಇಷ್ಟು ನೇರವಾಗಿ ಒಪ್ಪಿಸುವ ಇನ್ನೊಂದು ಅಗ್ಗದ ಸಾಮಾನು ಸಿಗುವುದು ಕಷ್ಟ.

ಮೋಸ ಹೋಗುವುದು ಬಳಸುವವರ ಸೋಮಾರಿತನದಲ್ಲಿ. ಚೆಂಡು ಕಾಲ ಬುಡಕ್ಕೇ ಬಂದರೆ ಬಗ್ಗುವ ಕೆಲಸವಿಲ್ಲ, ಹಾಗಾಗಿ ನಾಲ್ಕು ದಿನದಲ್ಲಿ ಗೊತ್ತಿಲ್ಲದೆಯೇ ಜೋರಾಗಿ ಹೊಡೆಯುವುದು ರೂಢಿಯಾಗುತ್ತದೆ. ಆರಡಿಯಿಂದ ಹೊಡೆದು ಆರಡಿ ವಾಪಸ್ ಬಂದ ಚೆಂಡು ಗ್ರೀನ್‌ನಲ್ಲಿ ಆರಡಿ ಆಚೆ ಹೋಗುವ ಚೆಂಡು. ಅಷ್ಟು ವೇಗದಲ್ಲಿ ಹೋಲಿನ ಅಂಚಿಗೆ ತಾಗಿದ್ದು ಒಳಗೆ ಬೀಳುವುದೂ ಇಲ್ಲ. ಇದಕ್ಕೆ ಮದ್ದು ಒಂದು ತುಂಡು ಟೇಪ್. ರ್‍ಯಾಂಪಿನ ಬುಡದಿಂದ 45 ಸೆಂಟಿಮೀಟರ್ ಈಚೆಗೆ ಅಡ್ಡಲಾಗಿ ಅಂಟಿಸಿ. ತಪ್ಪಿದ ಪಟ್ ಹೋಲ್ ದಾಟಿ ಸುಮಾರು 17 ಇಂಚಿನಲ್ಲಿ ನಿಲ್ಲಬೇಕು ಎಂದು ಹಿಂದೆ ನಾಸಾದಲ್ಲಿದ್ದ ಗಾಲ್ಫ್ ಕೋಚ್ ಡೇವ್ ಪೆಲ್ಜ್ ಹೇಳಿಕೊಟ್ಟ ಅಳತೆ ಹೆಚ್ಚುಕಡಿಮೆ ಇಷ್ಟೇ. ಹಿಂದೆ ಬಂದು ಟೇಪ್ ದಾಟಿದ್ದು ನಪಾಸು. ರ್‍ಯಾಂಪಿನ ಬುಡದಲ್ಲೇ ಸತ್ತು ನಿಂತದ್ದೂ ನಪಾಸು, ಏಕೆಂದರೆ ಆ ವೇಗದ ಚೆಂಡನ್ನು ಹೋಲ್ ಸುತ್ತಲಿನ ಹೆಜ್ಜೆ ಗುರುತುಗಳು ಆಚೀಚೆ ತಳ್ಳುತ್ತವೆ. 3, 5, 8 ಅಡಿಗಳಿಂದ ಹತ್ತು ಹತ್ತು ಚೆಂಡು ಹೊಡೆದು, ಟೇಪಿನೊಳಗೆ ನಿಂತದ್ದನ್ನು ಮಾತ್ರ ಎಣಿಸಿ. ಎಂಟಡಿಯಿಂದ ಅರ್ಧ ಬಂದರೆ ಬೇಸರ ಪಡಬೇಡಿ, ಅಸಲಿ ಗ್ರೀನ್‌ನಲ್ಲಿ ಟೂರ್ ಆಟಗಾರರೇ ಆ ದೂರದಿಂದ ಹಾಕುವುದು ನೂರಕ್ಕೆ ಐವತ್ತರ ಆಸುಪಾಸು. ಇಪ್ಪತ್ತು ಅಡಿಗೆ ಅದು ಹದಿನೈದಕ್ಕೆ ಇಳಿಯುತ್ತದೆ, ಅಲ್ಲಿ ಬೇಕಾದದ್ದು ಪಕ್ಕಕ್ಕೆ ತಂದು ನಿಲ್ಲಿಸುವ ಕಲೆ. ಗ್ರೀನ್‌ನ ಬ್ರೇಕ್ (ಚೆಂಡು ಪಕ್ಕಕ್ಕೆ ಬಾಗುವುದು), ಇಳಿಜಾರು, ಮೂವತ್ತು ಅಡಿಯ ಉದ್ದ ಪಟ್ ಯಾವುದೂ ಈ ರ್‍ಯಾಂಪಿನ ಕೈಯಲ್ಲಿ ಆಗುವ ಕೆಲಸವಲ್ಲ.

ದಿಕ್ಕು ತಪ್ಪಿತು ಎಂದು ರ್‍ಯಾಂಪ್ ಹೇಳುತ್ತದೆ, ಎಷ್ಟು ತಪ್ಪಿತು ಎಂದು ಹೇಳುವುದಿಲ್ಲ. ಅದಕ್ಕೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ಟಿವಿ ರಿಮೋಟಿನ ಎರಡು ಪೆನ್ಸಿಲ್ ಸೆಲ್ ತೆಗೆದು ಚೆಂಡಿನಿಂದ 50 ಸೆಂಟಿಮೀಟರ್ ಮುಂದೆ, ನಡುವೆ 6 ಸೆಂಟಿಮೀಟರ್ ಸಂದು ಬಿಟ್ಟು ನಿಲ್ಲಿಸಿ. ಚೆಂಡಿನ ಅಗಲ 4.27 ಸೆಂಟಿಮೀಟರ್. ಎರಡೂ ಸೆಲ್ ಬೀಳದೆ ಚೆಂಡು ದಾಟಿತೆಂದರೆ ಅದು ಹೊರಟ ದಿಕ್ಕು ಒಂದು ಡಿಗ್ರಿಯೊಳಗಿದೆ. ಒಂದು ಡಿಗ್ರಿ ಹತ್ತಡಿ ಹೋಗುವಷ್ಟರಲ್ಲಿ 2.1 ಇಂಚು ಆಗುತ್ತದೆ, ಹೋಲಿನ ಅಗಲ 4.25 ಇಂಚು. ಹಾಗಾಗಿ ಸಮತಟ್ಟಾದ ಕಡೆ ಈ ಬಾಗಿಲು ದಾಟಿದ ಪಟ್‌ಗೆ ಹತ್ತಡಿಯವರೆಗೂ ಅವಕಾಶವಿದೆ. ಸೆಲ್ ಬಿದ್ದರೆ ಹೆಚ್ಚಿನ ಸಲ ತಪ್ಪು ಪಟ್ಟರ್ ಮುಖದ ಕೋನದಲ್ಲಿರುತ್ತದೆ, ಬೀಸಿದ ಹಾದಿಯಲ್ಲಲ್ಲ. ಚೆಂಡು ಎತ್ತ ಹೊರಡಬೇಕು ಎನ್ನುವುದನ್ನು ಬಹುಪಾಲು ನಿರ್ಧರಿಸುವುದು ಮುಖವೇ. ಪ್ರತಿ ಸಲವೂ ಬಲಗಡೆಯ ಸೆಲ್ಲೇ ಬೀಳುತ್ತಿದ್ದರೆ ಬಲಗೈ ಆಟಗಾರರು ಚೆಂಡನ್ನು ಅರ್ಧ ಚೆಂಡಿನಷ್ಟು ಎಡಪಾದದ ಕಡೆಗೆ ಸರಿಸಿ ನೋಡಬೇಕು. ಹಿಂದೆ ಇಟ್ಟ ಚೆಂಡಿಗೆ ಮುಖ ಮುಚ್ಚಿಕೊಳ್ಳುವ ಮೊದಲೇ ತಾಗುತ್ತದೆ.

ಪಟಿಂಗ್ ಕನ್ನಡಿ ಎರಡು ವಾರದ ಸಾಮಾನು. ಕಣ್ಣು ಚೆಂಡಿನ ನೇರ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ನಿಮ್ಮ ಕಡೆಗಿದೆಯೇ, ಭುಜಗಳು ಗುರಿಗೆ ಸಮಾನಾಂತರವೇ ಎಂದು ತೋರಿಸುತ್ತದೆ, ಅದಾದ ಮೇಲೆ ಹೇಳಲು ಅದರ ಬಳಿ ಏನೂ ಇಲ್ಲ. ಚೌಕಟ್ಟು ಇಲ್ಲದ ಕನ್ನಡಿ ತುಂಡಿನ ಅಂಚಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮಾರ್ಕರ್‌ನಲ್ಲಿ ಗೆರೆ ಎಳೆದರೆ ಅದೇ ಕೆಲಸ. ಮೆತ್ತನೆಯ ಕಾರ್ಪೆಟ್ ಮೇಲೆ ಇಟ್ಟರೆ ಓರೆಯಾಗಿ ಸುಳ್ಳು ಹೇಳುತ್ತದೆ, ಎಚ್ಚರ.

ಬೇಡವೇ ಬೇಡ ಎನ್ನಬೇಕಾದದ್ದು ಚಿಪಿಂಗ್ ನೆಟ್. ಛತ್ರಿಯಂತೆ ಅರಳುತ್ತದೆ, ಚೆಂಡು ಒಳಗೆ ಬಿದ್ದಾಗ ಧಪ್ ಎಂದು ಖುಷಿ ಕೊಡುತ್ತದೆ. ಆದರೆ ಚಿಪ್‌ನಲ್ಲಿ ಚೆಂಡು ಗಾಳಿಯಲ್ಲಿ ಎಲ್ಲಿಗೆ ಹೋಯಿತು ಎನ್ನುವುದು ಅರ್ಧ ಕಥೆ. ಬಿದ್ದ ಮೇಲೆ ಎಷ್ಟು ಉರುಳಿತು ಎನ್ನುವುದು ಉಳಿದರ್ಧ, ಅದನ್ನು ನೆಟ್ ನುಂಗಿಬಿಡುತ್ತದೆ. ಕ್ಲಬ್ಬಿನ ತಳದಂಚಿಗೆ ತಾಗಿ ಗುಂಡಿನಂತೆ ನುಗ್ಗಿದ ಚೆಂಡೂ ಬಲೆಗೆ ಬಿದ್ದರೆ ಅಂಕ ಸಿಗುತ್ತದೆ.

ಬದಲಿಗೆ ಹಳೆಯ ಟವೆಲ್ ತನ್ನಿ. ಚೆಂಡು ಮೊದಲು ಬೀಳಬೇಕಾದ ಜಾಗದಲ್ಲಿ ಅದನ್ನು ಹಾಸಿ, ಹೋಲ್ ಮರೆತು ಟವೆಲ್‌ಗೆ ಮಾತ್ರ ಗುರಿಯಿಡಿ. ಯಾವ ಕ್ಲಬ್ ಎನ್ನುವುದಕ್ಕೆ ಹನ್ನೆರಡರ ಲೆಕ್ಕವಿದೆ: 12ರಿಂದ ಕ್ಲಬ್ಬಿನ ಸಂಖ್ಯೆ ಕಳೆದರೆ, ಹಾರಿದ ದೂರದ ಎಷ್ಟು ಪಟ್ಟು ಚೆಂಡು ಉರುಳುತ್ತದೆ ಎಂದು ಸಿಗುತ್ತದೆ. ಚೆಂಡನ್ನು ಎತ್ತರಕ್ಕೆ ಹಾರಿಸುವ ಪಿಚಿಂಗ್ ವೆಜ್ ಕ್ಲಬ್ಬನ್ನು 10 ಎಂದಿಟ್ಟುಕೊಂಡರೆ 2 ಪಟ್ಟು, 9 ಐರನ್‌ಗೆ 3, 8ಕ್ಕೆ 4, 7ಕ್ಕೆ 5. ಗ್ರೀನ್ ಅಂಚು 3 ಹೆಜ್ಜೆ, ಅಲ್ಲಿಂದ ಹೋಲಿಗೆ 9 ಹೆಜ್ಜೆ ಇದ್ದರೆ 9 ಐರನ್ ತೆಗೆದುಕೊಂಡು ಅಂಚಿನ ಸ್ವಲ್ಪ ಒಳಗೆ ಬೀಳಿಸಿದರೆ ಆಯಿತು. ಏರಿದ್ದರೆ ಒಂದು ಸಂಖ್ಯೆ ಕೆಳಗಿನ ಕ್ಲಬ್, ಇಳಿಜಾರಿದ್ದರೆ ಒಂದು ಮೇಲಿನದು. ಮಳೆಗಾಲದ ಒದ್ದೆ ಗ್ರೀನ್‌ನಲ್ಲಿ ಉರುಳುವುದು ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಟೆರೇಸ್‌ನಲ್ಲಿ ಇದನ್ನು ಮಾಡುವವರು ಫೋಮ್ ಚೆಂಡು ಬಳಸಿ. ಅದು ಉರುಳುವುದರ ಬಗ್ಗೆ ಏನೂ ಕಲಿಸದು, ಬೀಳುವ ಜಾಗಕ್ಕೆ ಮಾತ್ರ ಸರಿ, ಎದುರು ಮನೆಯ ಗಾಜಿಗೂ ಕ್ಷೇಮ.

ಮ್ಯಾಟ್ ಮೇಲಿನ ಚಿಪ್‌ಗೆ ಇನ್ನೊಂದು ರೋಗವಿದೆ. ಕ್ಲಬ್ ಚೆಂಡಿನ ಹಿಂದೆ ನೆಲಕ್ಕೆ ಬಡಿದರೆ ಹುಲ್ಲಿನಲ್ಲಿ ಮಣ್ಣು ಅಗೆದು ಅಲ್ಲೇ ನಿಲ್ಲುತ್ತದೆ. ಮ್ಯಾಟ್ ಮೇಲೆ ಜಾರಿ ಮುಂದೆ ಹೋಗಿ ಚೆಂಡನ್ನು ಚೆನ್ನಾಗಿಯೇ ಎತ್ತುತ್ತದೆ, ತಪ್ಪು ಕಾಣುವುದೇ ಇಲ್ಲ. ಚೆಂಡಿನ 4 ಇಂಚು ಹಿಂದೆ ಇನ್ನೊಂದು ಟವೆಲ್ ಮಡಚಿಡಿ. ಕ್ಲಬ್ ಅದಕ್ಕೆ ತಾಗಿದರೆ ಫ್ಯಾಟ್ ಹೊಡೆತ. ಕಾರಣ ಸಾಮಾನ್ಯವಾಗಿ ಒಂದೇ, ಚೆಂಡನ್ನು ಎತ್ತಿಕೊಡಲು ಹೋಗಿ ಭಾರ ಹಿಂಗಾಲಿಗೆ ಸರಿಯುವುದು. ಶುರುವಿನಲ್ಲೇ ಭಾರದ ಅರವತ್ತು ಪಾಲು ಮುಂಗಾಲಿಗೆ ಹಾಕಿ, ಪಾದಗಳ ನಡುವೆ ಒಂದು ಕ್ಲಬ್ ತಲೆಯ ಅಗಲ ಬಿಟ್ಟು, ಚೆಂಡನ್ನು ನಡುವೆ ಇಟ್ಟು, ಕೊನೆಯವರೆಗೂ ಭಾರ ಅಲ್ಲೇ ಉಳಿಸಿ. ಕೈಗಳು ಚೆಂಡಿಗಿಂತ ಸ್ವಲ್ಪವೇ ಮುಂದಿರಲಿ. ತೀರಾ ಮುಂದೆ ವಾಲಿಸಿದರೆ ವೆಜ್‌ನ ಬೌನ್ಸ್ (ನೆಲಕ್ಕೆ ಚುಚ್ಚದಂತೆ ತಡೆಯುವ ತಳದ ಉಬ್ಬು) ಕೆಲಸ ಮಾಡದೆ ಮುಂಚೂಣಿ ಅಂಚು ಮಣ್ಣಿಗೆ ಚುಚ್ಚುತ್ತದೆ.

ಹೊಸ ವೆಜ್ ಕೊಳ್ಳುವ ಯೋಚನೆಯಿದ್ದರೆ ಎರಡು ಮಾತು. ಮುಖದ ಓರೆ 60 ಡಿಗ್ರಿ ಇರುವುದನ್ನು ಮುಟ್ಟಬೇಡಿ, 56 ಡಿಗ್ರಿ ಸಾಕು. ಮಳೆಯಲ್ಲಿ ನೆಂದ ಮೆತ್ತನೆಯ ನೆಲದಲ್ಲಿ ಹೆಚ್ಚು ಆಡುವವರಿಗೆ 10–12 ಡಿಗ್ರಿ ಬೌನ್ಸ್, ಗಟ್ಟಿ ನೆಲದಲ್ಲಿ ಆಡುವವರಿಗೆ 6–8.

ಕೊಳ್ಳುವ ಕ್ರಮ ಹೀಗಿರಲಿ: ಸೆಲ್ಲು, ಟೇಪು, ಟವೆಲ್ ಮನೆಯಲ್ಲೇ ಇವೆ. ನಂತರ ಚಪ್ಪಟೆ ಮ್ಯಾಟ್, ಅದಾದ ಮೇಲೆ ರ್‍ಯಾಂಪ್. ಕನ್ನಡಿಯನ್ನು ಯಾರಾದರೂ ಎರಡು ವಾರಕ್ಕೆ ಎರವಲು ಕೊಟ್ಟರೆ ಒಳ್ಳೆಯದು. ತಿಂಗಳಿಗೊಮ್ಮೆ ಕ್ಲಬ್ಬಿನ ಚಿಪಿಂಗ್ ಗ್ರೀನ್ ಸುತ್ತ ಒಂಬತ್ತು ಜಾಗ ಆರಿಸಿ, ಮೂರು ಸುಲಭ, ಮೂರು ಸಾಧಾರಣ, ಮೂರು ಕಷ್ಟದ್ದು. ಒಂದೇ ಚೆಂಡಿನಿಂದ ಪ್ರತಿ ಜಾಗದಿಂದಲೂ ಚಿಪ್ ಮಾಡಿ ಪಟ್ ಮುಗಿಸಿ. ಪ್ರತಿಯೊಂದಕ್ಕೂ ಪಾರ್ 2, ಒಟ್ಟು 18. ಇಪ್ಪತ್ತರ ಹ್ಯಾಂಡಿಕ್ಯಾಪಿನವರಿಗೆ (ಪಾರ್‌ಗಿಂತ ಸುಮಾರು ಇಪ್ಪತ್ತು ಹೊಡೆತ ಹೆಚ್ಚು ಆಡುವವರಿಗೆ) ಮೊದಲ ಸಲ 27ರ ಮೇಲೆ ಬಂದರೆ ಅಚ್ಚರಿಯಿಲ್ಲ. ಅಂಕಿಯ ಜೊತೆಗೆ ಹೆಚ್ಚುವರಿ ಹೊಡೆತ ಚಿಪ್‌ನಲ್ಲಿ ಹೋಯಿತೋ ಪಟ್‌ನಲ್ಲೋ ಎಂದೂ ಬರೆದಿಡಿ, ಮುಂದಿನ ತಿಂಗಳು ಮ್ಯಾಟ್ ಹಾಸಬೇಕೋ ಟವೆಲ್ ಹಾಸಬೇಕೋ ಎನ್ನುವುದಕ್ಕೆ ಉತ್ತರ ಅಲ್ಲಿರುತ್ತದೆ.